‘ಮಾಡು’ವಿನ ಬಾಲ

ನಮ್ಮ ಕಾಲದಲ್ಲಿ ಐದನೆಯ ತರಗತಿಗೆ ಬಂದ ಮೇಲೆ ಇಂಗ್ಲಿಷ್ ಶುರುವಾಗುತ್ತಿತ್ತು. ಸರ್ಕಾರಿ ಶಾಲೆಗಳಿಗೆ ಒಂದನೆಯ ತರಗತಿಯಿಂದ ಇಂಗ್ಲಿಷ್ ಬಂದದ್ದು 2007ರಲ್ಲಿ. ನಾನು ಹೇಳುತ್ತಿರುವುದು 1966ರ ತಿಪಟೂರಿನ ಮಾತು. ಎ ಬಿ ಸಿ ಡಿ ಮುಗಿದು, ಕ್ಯಾಟು ರ‍್ಯಾಟುಗಳೂ ಮುಗಿದು, ಒಂದು ಮಧ್ಯಾಹ್ನ ಮೇಷ್ಟ್ರು ಬೋರ್ಡಿನ ಮೇಲೆ ಎರಡೇ ಎರಡು ಇಂಗ್ಲಿಷ್ ಅಕ್ಷರ ಬರೆದು, "ಇದು ಡು. ಡು ಅಂದರೆ ಮಾಡು" ಎಂದರು. ನನಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಮಾಡು ಎಂಬ ನಮ್ಮ ಮಾತಿನ ಬಾಲವನ್ನೇ ಕತ್ತರಿಸಿಕೊಂಡು ಹೋಗಿ ಇಂಗ್ಲಿಷಿನವರು ತಮ್ಮದೆಂದು ಇಟ್ಟುಕೊಂಡಿದ್ದಾರೆ ಎಂದುಕೊಂಡೆ. ಸಂಜೆ ಅಮ್ಮನಿಗೆ ಹೇಳಿದೆ. ಅಮ್ಮ ಕೊಬ್ಬರಿ ತುರಿಯುತ್ತಿದ್ದಳು. "ಬಾಲ ಅವರು ಒಯ್ದರೆ ತಲೆ ನಮ್ಮ ಹತ್ರಾನೇ ಉಳೀತಲ್ಲ ಬಿಡು" ಎಂದಳು.

ಆ ಸಂತೋಷ ಹದಿನೈದು ದಿನವೂ ಉಳಿಯಲಿಲ್ಲ. ಮುಂದಿನ ಪಾಠದಲ್ಲಿ ‘ಡು ಯು ನೋ ಹಿಮ್’ ಎಂದು ಬಂತು. ಡು ಎಂದರೆ ಮಾಡು, ಯು ಎಂದರೆ ನೀನು, ನೋ ಎಂದರೆ ತಿಳಿ, ಹಿಮ್ ಎಂದರೆ ಅವನನ್ನು. ಸೇರಿಸಿದರೆ, ಮಾಡು ನೀನು ತಿಳಿ ಅವನನ್ನು! ಇಲ್ಲಿ ಮಾಡುವುದು ಏನನ್ನು ಎಂದು ಎದ್ದು ನಿಂತು ಕೇಳಿದೆ. "ಅದು ಹಾಗೇ. ಬಾಯಿಪಾಠ ಮಾಡು" ಎಂದರು ಮೇಷ್ಟ್ರು. ಅವರನ್ನು ದೂರಲಾರೆ. ಅವರಿಗೂ ಯಾರೋ ಹಾಗೇ ಹೇಳಿಕೊಟ್ಟಿರಬೇಕು. ಅಲ್ಲಿಂದ ಮುಂದೆ ಈ ಡು, ಡಸ್, ಡಿಡ್ ಎಂಬ ಮೂವರು ನನ್ನ ಜೀವ ಹಿಂಡಿದರು. ‘ಐ ಡಿಡ್ ನಾಟ್ ವೆಂಟ್’ ಎಂದು ಬರೆದದ್ದಕ್ಕೆ ಅಂಗೈ ಮೇಲೆ ಎರಡು ಏಟು, ‘ಶಿ ಡೋಂಟ್ ನೋಸ್’ ಎಂದದ್ದಕ್ಕೆ ಬೆಂಚಿನ ಮೇಲೆ ಒಂದು ಗಂಟೆ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ ಬಂದ ಅಂಕ ಮೂವತ್ತೈದು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಮದುವೆಯಾಗಿ ಹಾಸನಕ್ಕೆ ಬಂದೆ. ಇಂಗ್ಲಿಷಿನ ಹಂಗು ಮುಗಿಯಿತು ಎಂದುಕೊಂಡಿದ್ದೆ.

1984ರಲ್ಲಿ ಮಗನನ್ನು ಶಾಲೆಗೆ ಸೇರಿಸುವ ಹೊತ್ತು ಬಂತು. ಇಂಗ್ಲಿಷ್ ಮೀಡಿಯಂ ಬೇಕೆಂದು ಇವರಿಗೆ ಆಸೆ. ಶಾಲೆಯ ಹೆಸರು ಬೇಡ. ಅಲ್ಲಿ ಮಗುವಿಗಿಂತ ಮೊದಲು ತಂದೆತಾಯಿಗೆ ಪರೀಕ್ಷೆ. ಅಂದು ನಾಲ್ಕೂವರೆಗೆ ಎದ್ದಿದ್ದೆ. ಹಂಡೆಗೆ ಉರಿ ಹಾಕಿ, ಬಾಗಿಲಿಗೆ ನೀರು ಹಾಕಿ, ಮಾವನವರ ಪೂಜೆಗೆ ಅಣಿ ಮಾಡಿ, ಅತ್ತೆಯವರ ಕಷಾಯ, ಎಲ್ಲರ ತಿಂಡಿ, ಮಧ್ಯಾಹ್ನದ ಅಡಿಗೆ ಎಲ್ಲ ಮುಗಿಸಿ, ಇದ್ದ ಒಂದೇ ಮೈಸೂರು ಸಿಲ್ಕ್ ಉಟ್ಟು ಇವರ ಸ್ಕೂಟರ್ ಹತ್ತಿದೆ. ದಾರಿಯುದ್ದಕ್ಕೂ ‘ಮೈ ನೇಮ್ ಈಸ್’ ಎಂದು ಜಪ. ಆದರೆ ಹೆಡ್‌ಮಿಸ್ಟ್ರೆಸ್ ನನ್ನ ಹೆಸರು ಕೇಳಲೇ ಇಲ್ಲ. ಇವರ ಹತ್ತಿರ ನಾಲ್ಕು ಮಾತಾಡಿ ನನ್ನ ಕಡೆ ತಿರುಗಿದರು.

"ಆಂಡ್ ಮದರ್, ವಾಟ್ ಡು ಯು ಡು?"

ಒಂದೇ ವಾಕ್ಯದಲ್ಲಿ ಎರಡು ಡು. ಮೊದಲನೆಯದರ ಅರ್ಥವೇನು ಎಂದು ತಡಕುತ್ತಿರುವಾಗಲೇ ಎರಡನೆಯದು ದಾಟಿಹೋಯಿತು. ಕಿವಿ ಬಿಸಿಯಾಯಿತು. ಬಾಯಿಗೆ ಬಂದದ್ದನ್ನು ಅಂದೆ: "ಐ ಡು ನಾಟ್ ಡು."

ಆಕೆ ಇವರ ಕಡೆ ನೋಡಿ ಸಣ್ಣಗೆ ನಕ್ಕರು. ಕಾಗದದ ಮೇಲೆ ಏನೋ ಬರೆದುಕೊಂಡರು. ವಾಪಸು ಬರುವಾಗ ಇವರು ಒಂದೇ ಮಾತು ಹೇಳಿದ್ದು: "ಸುಮ್ಮನೆ ಹೌಸ್‌ವೈಫ್ ಅಂದಿದ್ರೆ ಆಗ್ತಿತ್ತಲ್ಲೇ." ಮೂರು ದಿನದ ಮೇಲೆ ನೋಟಿಸ್ ಬೋರ್ಡಿಗೆ ಹಾಕಿದ ಪಟ್ಟಿಯಲ್ಲಿ ಮಗನ ಹೆಸರಿರಲಿಲ್ಲ. ವಿಚಾರಿಸಿದಾಗ ಅಲ್ಲಿನ ಗುಮಾಸ್ತರು, ಮನೆಯಲ್ಲಿ ಪಾಠ ಹೇಳಿಕೊಡುವವರು ಇರಬೇಕು ಸಾರ್ ಎಂದರಂತೆ. ಅತ್ತೆಯವರು ನಾಲ್ಕು ದಿನ ನನ್ನ ಜೊತೆ ಮಾತಾಡಲಿಲ್ಲ. ಮಗ ಕನ್ನಡ ಶಾಲೆಯಲ್ಲಿ ಓದಿ ಚೆನ್ನಾಗಿಯೇ ಇದ್ದಾನೆ, ಅದು ಬೇರೆ ಮಾತು. ಆದರೆ ಆ ಸಣ್ಣ ನಗು ಎಷ್ಟು ವರ್ಷ ನನ್ನ ಜೊತೆ ಒಲೆಯ ಮುಂದೆ ನಿಂತಿತ್ತು ಎಂದು ಹೇಳಲಾರೆ.

ನಮ್ಮ ಹಿಂದಿನ ರಸ್ತೆಯಲ್ಲಿ ರಿಟೈರ್ ಆದ ಟೀಚರಮ್ಮ ಒಬ್ಬರಿದ್ದರು. ನಮ್ಮ ಮನೆಯ ಕರಿಬೇವು ಅವರಿಗೆ, ಅವರ ಮನೆಯ ದಾಸವಾಳ ನಮ್ಮ ಮಾವನವರ ಪೂಜೆಗೆ. ಒಂದು ದಿನ ಹೂವು ತರಲು ಹೋದವಳು ಅಳುತ್ತಲೇ ಎಲ್ಲ ಹೇಳಿಬಿಟ್ಟೆ. ಅವರು ಸಮಾಧಾನ ಮಾಡಲಿಲ್ಲ. ಬೀರುವಿನಿಂದ ರೆನ್ ಆಂಡ್ ಮಾರ್ಟಿನ್ ತೆಗೆದರು. ಈ ಪುಸ್ತಕ ನಿಮ್ಮಲ್ಲಿ ಅನೇಕರ ಮನೆಯ ಅಟ್ಟದ ಮೇಲೂ ಇದ್ದೀತು. 1930ರ ದಶಕದಲ್ಲಿ ಇಬ್ಬರು ಇಂಗ್ಲಿಷರು ಬರೆದದ್ದು. ಅವರಲ್ಲಿ ರೆನ್ ಎಂಬಾತ ಸಾಹಸದ ಕಾದಂಬರಿಗಳನ್ನು ಬರೆದು ಹೆಸರಾದವನು ಎಂದು ಆಮೇಲೆ ತಿಳಿದು ನಗು ಬಂತು. ವ್ಯಾಕರಣಕ್ಕಿಂತ ದೊಡ್ಡ ಸಾಹಸ ಇನ್ನಾವುದಿದೆ? ಆದರೆ ಟೀಚರಮ್ಮ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡರೇ ಹೊರತು ಬಿಚ್ಚಲಿಲ್ಲ.

"ನಿನ್ನೆ ನೀನು ದೇವಸ್ಥಾನಕ್ಕೆ ಹೋದೆಯಾ?"

"ಹೋಗಲಿಲ್ಲ ಟೀಚರ್."

"ಹೋದಲಿಲ್ಲ ಅಂತ ಯಾಕೆ ಅನ್ನಲಿಲ್ಲ? ನಿನ್ನೆ ಆದದ್ದು ತಾನೆ?"

"ಹಾಗೆ ಯಾರು ಅಂತಾರೆ? ಕೇಳಿದವರು ನಗ್ತಾರೆ."

"ಐ ಡಿಡ್ ನಾಟ್ ವೆಂಟ್ ಅಂದ್ರೆ ಅವರಿಗೂ ಹೋದಲಿಲ್ಲ ಅಂದ ಹಾಗೇ ಕೇಳಿಸುತ್ತೆ ಕಣೆ."

ಹದಿನೆಂಟು ವರ್ಷ ಕಗ್ಗಂಟಾಗಿದ್ದದ್ದು ಅರ್ಧ ನಿಮಿಷದಲ್ಲಿ ಬಿಚ್ಚಿಕೊಂಡಿತು. ಹೋದೆ, ಹೋದಳು, ಹೋದರು ಎಂದು ಆಳಿಗೊಂದು ರೂಪ ತೊಡುವ ನಮ್ಮ ಕ್ರಿಯಾಪದ, ಇಲ್ಲ ಸೇರಿದ ಕೂಡಲೇ ಒಡವೆಯನ್ನೆಲ್ಲ ಕಳಚಿಟ್ಟು ‘ಹೋಗಲ್’ ಎಂದು ಬರಿಗೈಯಲ್ಲಿ ನಿಲ್ಲುತ್ತದೆ. ನಾನು ಹೋಗಲಿಲ್ಲ, ಅವಳು ಹೋಗಲಿಲ್ಲ, ಅವರು ಹೋಗಲಿಲ್ಲ, ಎಲ್ಲಕ್ಕೂ ಒಂದೇ. ಇಂಗ್ಲಿಷಿನಲ್ಲೂ ಹಾಗೆಯೇ. ಡಿಡ್ ಬಂದಿತೆಂದರೆ ಕಾಲದ ಹೊರೆಯೆಲ್ಲ ಅದರ ತಲೆಯ ಮೇಲೆ. ಹಿಂದಿನ ಗೋ ಬರಿಗೈ. ಡಸ್ ಬಂದರೆ ಅವಳು, ಅವನು ಎಂಬುದರ ಗುರುತಿನ ಸಕಾರ ಅದಕ್ಕೇ ಹೋಯಿತು. ನೋ ಎಂಬುದಕ್ಕೆ ಮತ್ತೊಂದು ಸಕಾರ ಅಂಟಿಸುವ ಹಾಗಿಲ್ಲ. ‘ಡು ಯು ನೋ’ ಎಂಬಲ್ಲಿ ಮೊದಲಿಗೆ ಬರುವ ಡು ಗೊತ್ತಾ, ಬಂದೆಯಾ ಎಂದು ನಾವು ಕೊನೆಗೆ ಎಳೆಯುವ ಆಕಾರದ ಕೆಲಸವನ್ನೇ ಮಾಡುತ್ತದೆ. ನಮ್ಮ ಪ್ರಶ್ನೆಗೆ ಬಾಲ, ಅವರ ಪ್ರಶ್ನೆಗೆ ಕೊಂಬು. ಆದರೆ ಏನು, ಎಲ್ಲಿ, ಯಾವಾಗ ಎಂದು ಕೇಳುವಾಗ ನಮಗೆ ಆ ಬಾಲ ಬೇಡ. ಅವರಿಗೆ ಮಾತ್ರ ಅಲ್ಲೂ ಡು ಬೇಕು. ಅದೊಂದು ಅವರ ಮನೆಯ ಪದ್ಧತಿ ಎಂದು ಒಪ್ಪಿಕೊಳ್ಳಬೇಕು.

"ಅಂದರೆ ವಾಟ್ ಡು ಯು ಡು ಅನ್ನೋದರಲ್ಲಿ..." ಎಂದೆ.

"ಮೊದಲನೇ ಡುಗೆ ಅರ್ಥವೇ ಇಲ್ಲ. ಎರಡನೇದು ನಿಮ್ಮ ಮೇಷ್ಟ್ರು ಹೇಳಿದ ಮಾಡು. ಇನ್ನೊಂದು ಹೇಳ್ತೀನಿ ಕೇಳು. ನೀನು ಆವತ್ತು ಹೇಳಿದೆಯಲ್ಲ, ಐ ಡು ನಾಟ್ ಡು ಅಂತ, ಅದರಲ್ಲಿ ವ್ಯಾಕರಣದ ತಪ್ಪೇನಿಲ್ಲ. ಎರಡು ಡುನೂ ಇರಬೇಕಾದ ಜಾಗದಲ್ಲೇ ಇವೆ." ಆಮೇಲೆ ದಾಸವಾಳದ ಬುಟ್ಟಿ ನನ್ನ ಕೈಗಿಟ್ಟು, "ವ್ಯಾಕರಣ ಸರಿ. ಹೇಳಿದ್ದು ಸುಳ್ಳು" ಎಂದರು.

ಅಂದಿನಿಂದ ಈ ಪದದ ಬೆನ್ನು ಹತ್ತಿದೆ. ಅಡಿಗೆಮನೆಯ ಕೆಲಸದ ನಡುವೆ, ಲೈಬ್ರರಿಯಿಂದ ತಂದ ಪುಸ್ತಕಗಳಲ್ಲಿ, ಮಕ್ಕಳು ದೊಡ್ಡವರಾದ ಮೇಲೆ ಅವರು ತಂದುಕೊಟ್ಟ ಪುಸ್ತಕಗಳಲ್ಲಿ ಓದಿದೆ. ಓದಿದಷ್ಟೂ ನನಗೆ ಪೆಟ್ಟು ಕೊಡಿಸಿದ ಈ ಡು ಮೇಲೆ ಒಂದು ಬಗೆಯ ಮಮತೆ ಹುಟ್ಟಿತು. ಅದರ ಬಾಳು ನಮ್ಮ ಬಾಳಿನಂತೆಯೇ ಇದೆ.

ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಡು ಇತ್ತು, ಆದರೆ ಪ್ರಶ್ನೆಗೂ ನಿಷೇಧಕ್ಕೂ ಅದನ್ನು ಕರೆಯುತ್ತಿರಲಿಲ್ಲ. ಕ್ರಿಯಾಪದದ ಮೊದಲು ‘ನೆ’ ಎಂದರೆ ಅದೇ ಇಲ್ಲ. ಬರಬರುತ್ತ ‘ನೆ’ ಸವೆದು ‘ನಾಟ್’ ಕ್ರಿಯಾಪದದ ಹಿಂದೆ ನಿಂತಿತು: ‘ಐ ನೋ ನಾಟ್’. ಪ್ರಶ್ನೆಯೂ ‘ನೋ ಯು ಹಿಮ್’ ಎಂದು ನೇರವಾಗಿತ್ತು. ನಾನು ಆ ಕಾಲದಲ್ಲಿ ಐದನೆಯ ತರಗತಿಯಲ್ಲಿದ್ದಿದ್ದರೆ ಏಟು ಬೀಳುತ್ತಿರಲಿಲ್ಲ!

ಹದಿಮೂರು ಹದಿನಾಲ್ಕನೆಯ ಶತಮಾನದ ಹೊತ್ತಿಗೆ ಬೇರೆ ಕ್ರಿಯಾಪದದ ಪಕ್ಕದಲ್ಲಿ ಡು ಸುಮ್ಮನೆ ನಿಲ್ಲುವುದು ಕಾಣಿಸುತ್ತದೆ. ಯಾಕೆ ಬಂತೆಂಬುದರಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ನೆರೆಯ ವೇಲ್ಸ್, ಕಾರ್ನ್‌ವಾಲ್‌ಗಳ ಹಳೆಯ ಭಾಷೆಗಳಲ್ಲಿ ಇಂಥ ರೂಢಿಯಿದೆ, ಅಲ್ಲಿಂದ ಬಂತು ಎಂದು ಕೆಲವರು. ಇನ್ನು ಕೆಲವರು ಹೇಳುವುದು ನನಗೆ ಹೆಚ್ಚು ಹಿಡಿಸಿತು. ಹಿಂದೆ ಡು ಎಂದರೆ ಮಾಡಿಸು ಎಂದೂ ಅರ್ಥವಿತ್ತು. ರಾಜ ಇಗರ್ಜಿಯನ್ನು ‘ಡಿಡ್ ಬಿಲ್ಡ್’ ಎಂದರೆ ಕಟ್ಟಿಸಿದ ಎಂದು. ಆದರೆ ರಾಜ ಕಟ್ಟಿಸಿದ ಎಂಬುದಕ್ಕೂ ರಾಜ ಕಟ್ಟಿದ ಎಂಬುದಕ್ಕೂ ಕೇಳುವವರು ಎಷ್ಟು ವ್ಯತ್ಯಾಸ ಮಾಡುತ್ತಾರೆ? ಬೇಲೂರಿನ ಗುಡಿಯನ್ನು ವಿಷ್ಣುವರ್ಧನ ಕಟ್ಟಿದ ಎಂದು ನಾವೂ ಸಲೀಸಾಗಿ ಹೇಳುತ್ತೇವೆ. ಉಳಿ ಹಿಡಿದ ದಾಸೋಜ ಅಲ್ಲಿ ತನ್ನ ಹೆಸರು ಕೊರೆದಿಟ್ಟದ್ದರಿಂದ ಅವನ ನೆನಪು ಉಳಿಯಿತು. ಹಾಗೆ ಮಾಡಿಸು ಎಂಬ ಅರ್ಥ ಸವೆದು ಸವೆದು, ಕೊನೆಗೆ ಏನೂ ಅರ್ಥವಿಲ್ಲದ ಖಾಲಿ ಡು ಉಳಿಯಿತಂತೆ.

ಖಾಲಿಯಾದರೂ ಅದು ಸುಮ್ಮನೆ ಕೂರಲಿಲ್ಲ. ಆಲ್ವರ್ ಎಲ್ಲೆಗೋರ್ಡ್ ಎಂಬ ಸ್ವೀಡನ್ನಿನ ವಿದ್ವಾಂಸ 1953ರಲ್ಲಿ ಇದರ ಮೇಲೆ ಒಂದು ಪುಸ್ತಕವನ್ನೇ ಪ್ರಕಟಿಸಿದ. ಹಳೆಯ ಬರಹಗಳಿಂದ ಉದಾಹರಣೆಗಳನ್ನು ಒಂದೊಂದಾಗಿ ಎಣಿಸಿ, ಡು ಹೇಗೆ ಹರಡಿತು ಎಂದು ಗೆರೆ ಎಳೆದು ತೋರಿಸಿದ. ಅಕ್ಕಿ ಆರಿಸುವವರಿಗೆ ಮಾತ್ರ ಅಂಥ ತಾಳ್ಮೆ ಅರ್ಥವಾದೀತು. 16ನೆಯ ಶತಮಾನದಲ್ಲಿ ಪ್ರಶ್ನೆಯಲ್ಲಿ, ಇಲ್ಲ ಎನ್ನುವಲ್ಲಿ, ಅಷ್ಟೇಕೆ ಹೌದು ಎನ್ನುವ ಸಾದಾ ಮಾತಿನಲ್ಲೂ ಡು ಏರುತ್ತ ಹೋಯಿತು. ಆಮೇಲೆ ಸಾದಾ ಮಾತಿನಿಂದ ಅದನ್ನು ಹೊರಗೆ ಹಾಕಿದರು. 1711ರಲ್ಲಿ ಅಲೆಗ್ಸಾಂಡರ್ ಪೋಪ್ ಎಂಬ ಕವಿ, ಸಾಲು ತುಂಬಿಸಲು ಡು ಸೇರಿಸುವ ಕವಿಗಳನ್ನು ತನ್ನ ಪದ್ಯದಲ್ಲೇ ಗೇಲಿ ಮಾಡಿದ. 1755ರ ತನ್ನ ದೊಡ್ಡ ನಿಘಂಟಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್, ಅಗತ್ಯವಿಲ್ಲದೆ ಡು ಹಾಕುವುದು ಕೆಟ್ಟ ಮಾತಿನ ರೀತಿ ಎಂದೇ ಬರೆದ. ಪ್ರಶ್ನೆಗೂ ಇಲ್ಲಕ್ಕೂ ಮಾತ್ರ ಅದಿಲ್ಲದೆ ಗತಿಯಿಲ್ಲದಂತಾಯಿತು. ಒಳಗೆ ಕೆಲಸಕ್ಕೆ ಬೇಕು, ಎದುರಿಗೆ ಕಾಣಿಸಿಕೊಳ್ಳಬಾರದು. ಈ ನ್ಯಾಯ ನಮಗೆ ಹೊಸದೇ?

ಈ ಬದಲಾವಣೆಗೆ ಎಲ್ಲಕ್ಕಿಂತ ಹೆಚ್ಚು ಕಾಲ ತಲೆಬಾಗದೆ ನಿಂತ ಕ್ರಿಯಾಪದಗಳಲ್ಲಿ ‘ನೋ’ ಒಂದು. ಉಳಿದವರೆಲ್ಲ ಡು ಕೈ ಹಿಡಿದ ಮೇಲೂ ‘ಐ ನೋ ನಾಟ್’ ಬಹಳ ಕಾಲ ಹಾಗೇ ನಡೆಯಿತು. ಓದುತ್ತಿದ್ದವಳಿಗೆ ಥಟ್ಟನೆ ನಮ್ಮದು ನೆನಪಾಯಿತು. ಹಳಗನ್ನಡದಲ್ಲಿ ಇಲ್ಲ ಎಂಬ ಪದವನ್ನು ಹೊರಗಿನಿಂದ ತಂದು ಕೂಡಿಸದೆ ಬಾರೆ, ಮಾಡೆ, ಕಾಣೆ ಎಂದರೆ ಸಾಕಿತ್ತು. ಬರುವುದಿಲ್ಲ, ಮಾಡುವುದಿಲ್ಲ ಎಂಬ ಉದ್ದದ ಮಾತು ಬಂದು ಅವನ್ನು ಮೂಲೆಗೆ ತಳ್ಳಿತು. ಆದರೂ ಇವತ್ತಿಗೂ ‘ನಾನರಿಯೆ’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಇಂಗ್ಲಿಷಿನಲ್ಲಿ ಹಟ ಹಿಡಿದದ್ದೂ ತಿಳಿಯೆನು ಎಂಬ ಮಾತೇ, ಕನ್ನಡದಲ್ಲಿ ಉಳಿದದ್ದೂ ತಿಳಿಯೆನು ಎಂಬ ಮಾತೇ. ಎರಡಕ್ಕೂ ನಂಟೇನಿಲ್ಲ, ಕಾಕತಾಳೀಯ ಅಷ್ಟೆ. ಆದರೂ ಆ ರಾತ್ರಿ ಸಂತೋಷಕ್ಕೆ ನಿದ್ದೆ ಬರಲಿಲ್ಲ.

ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ ಆ ಸಕಾರದ ಕಥೆ ಇನ್ನೂ ಚೆಂದ. ಮೊದಲು ಲಂಡನ್ ಕಡೆಯವರು ಅವನು, ಅವಳು ಎನ್ನುವಾಗ ಕ್ರಿಯಾಪದದ ಕೊನೆಗೆ ‘ಎತ್’ ಹಚ್ಚುತ್ತಿದ್ದರು. ಲವೆತ್, ಡೂತ್ ಎಂದು. ಸಕಾರ ಬಂದದ್ದು ಉತ್ತರದ ಸೀಮೆಯಿಂದ. ಹೆಲ್ಸಿಂಕಿ ವಿಶ್ವವಿದ್ಯಾಲಯದ ಟೆರ್ಟು ನೆವಲೈನೆನ್, ಹೆಲೆನಾ ರೌಮೋಲಿನ್-ಬ್ರುನ್‌ಬರ್ಗ್ ಎಂಬ ಇಬ್ಬರು ವಿದುಷಿಯರು 15ರಿಂದ 17ನೆಯ ಶತಮಾನದವರೆಗಿನ ಸಾವಿರಾರು ಇಂಗ್ಲಿಷ್ ಕಾಗದಗಳನ್ನು ಕಲೆಹಾಕಿ ಪರಿಶೀಲಿಸಿದರು. 2003ರಲ್ಲಿ ಅವರ ಪುಸ್ತಕ ಬಂತು. ಈ ಸಕಾರವನ್ನು ಮುಂದಾಗಿ ಹಿಡಿದು ಬಳಕೆಗೆ ತಂದವರು ಹೆಂಗಸರು ಎಂದು ಅವರು ತೋರಿಸಿದರು. ಅದೊಂದೇ ಅಲ್ಲ, ಅವರು ನೋಡಿದ ಬದಲಾವಣೆಗಳಲ್ಲಿ ಬಹುಪಾಲು ಹೆಂಗಸರ ಕಾಗದಗಳಲ್ಲೇ ಮುಂದಿದ್ದವು. ಲ್ಯಾಟಿನ್ ಶಾಲೆಗೂ ವಿಶ್ವವಿದ್ಯಾಲಯಕ್ಕೂ ಆ ಹೆಂಗಸರನ್ನು ಸೇರಿಸುತ್ತಿರಲಿಲ್ಲ. ಎಷ್ಟೋ ಜನಕ್ಕೆ ಬರೆಯಲೂ ಬಾರದು. 15ನೆಯ ಶತಮಾನದಲ್ಲಿ ನಾರ್ಫಕ್ ಸೀಮೆಯ ಮಾರ್ಗರೆಟ್ ಪ್ಯಾಸ್ಟನ್ ಎಂಬ ಗೃಹಿಣಿಯ ನೂರಕ್ಕೂ ಹೆಚ್ಚು ಕಾಗದಗಳು ಸಿಕ್ಕಿವೆ. ಗಂಡ ಲಂಡನ್ನಿನಲ್ಲಿ ಕೋರ್ಟು ಕಚೇರಿ ಅಲೆಯುತ್ತಿದ್ದರೆ ಈಕೆ ಇಲ್ಲಿ ಮನೆ, ಜಮೀನು, ಗೇಣಿ, ಜಗಳ ಎಲ್ಲವನ್ನೂ ಸಂಭಾಳಿಸುತ್ತ, ಆಗಿದ್ದನ್ನು ಬಾಯಲ್ಲಿ ಹೇಳಿ ಬೇರೆಯವರ ಕೈಯಲ್ಲಿ ಬರೆಸಿ ಕಳಿಸುತ್ತಿದ್ದಳು. ಇಂಥ ಹೆಂಗಸರ ಆಡುಮಾತು ಮುಂದೆ ವ್ಯಾಕರಣವಾಯಿತು, ಆ ವ್ಯಾಕರಣ ನಮ್ಮ ಮೇಷ್ಟ್ರ ಕೈಯಲ್ಲಿ ಬೆತ್ತವಾಯಿತು!

ಡು ಎಂಬುದರ ಹುಟ್ಟಿನ ಬಗ್ಗೆ ಇನ್ನೊಂದು ಮಾತು. ನಾನು ಎಣಿಸಿದ್ದಂತೆ ಅದು ನಮ್ಮ ಮಾಡುವಿನ ಬಾಲವಲ್ಲ. ಮಾಡು ಎಂಬುದು ದ್ರಾವಿಡ ಮೂಲದ್ದು. ಡು ಸಂಸ್ಕೃತದ ‘ಧಾ’ ಧಾತುವಿಗೆ ದೂರದ ದಾಯಾದಿ. ಧಾ ಎಂದರೆ ಇಡು. ವಿಧಿ, ನಿಧಿ, ಶ್ರದ್ಧೆ, ಸಮಾಧಾನ, ವಿಧಾನ ಎಲ್ಲ ಆ ಧಾತುವಿನ ಮಕ್ಕಳು. ಅಂದರೆ ಬೆಂಗಳೂರಿನ ವಿಧಾನಸೌಧದೊಳಗೂ ಡು ಅಡಗಿ ಕೂತಿದೆ. ಅಲ್ಲಿ ಅದು ಕೆಲಸ ಮಾಡುತ್ತದೆಯೇ ಇಲ್ಲವೇ ಎಂದು ನಾನು ಹೇಳಹೋಗುವುದಿಲ್ಲ.

ಬಾಲ ಹೋದರೂ ಮಾಡುವಿಗೆ ನಷ್ಟವಾಗಲಿಲ್ಲ. ಊಟ ಮಾಡು, ಸ್ನಾನ ಮಾಡು, ನಿದ್ದೆ ಮಾಡು ಎಂದು ಮೊದಲೇ ಸಂಸಾರ ದೊಡ್ಡದು. ಹಳೆಯ ಕಾಲದಲ್ಲಿ ಗೆಯ್ ಎಂಬ ಇನ್ನೊಂದು ಪದವೂ ಜೊತೆಗಿದ್ದು ಈ ಹೊರೆ ಹಂಚಿಕೊಳ್ಳುತ್ತಿತ್ತು. ಈಗ ಅದು ಗೇಯ್ಮೆಯಂಥ ಮಾತುಗಳಲ್ಲಿ ಉಳಿದಿದೆ. ಇಂಗ್ಲಿಷಿನ ಯಾವ ಕ್ರಿಯಾಪದ ಬಂದರೂ ಮಾಡು ಕೈ ಹಿಡಿದು ಒಳಗೆ ಕರೆದುಕೊಳ್ಳುತ್ತದೆ: ಫೋನ್ ಮಾಡು, ಮಿಕ್ಸ್ ಮಾಡು, ಅಡ್ಜಸ್ಟ್ ಮಾಡು. ನಮ್ಮ ಒಂದು ಮಾಡುವಿಗೆ ಅವರಲ್ಲಿ ಡು, ಮೇಕ್ ಎಂದು ಎರಡು. ಕೆಲಸಕ್ಕೆ ಡು, ತಪ್ಪಿಗೆ ಮೇಕ್. ಪಾತ್ರೆ ತೊಳೆಯುವುದಕ್ಕೆ ಡು, ಕಾಫಿ ಮಾಡುವುದಕ್ಕೆ ಮೇಕ್. ಕೊನೆಗೆ ಕೈಯಲ್ಲಿ ಒಂದು ವಸ್ತು ಉಳಿದರೆ ಮೇಕ್, ಬರೀ ದುಡಿತವಾದರೆ ಡು ಎಂದು ಟೀಚರಮ್ಮ ಒಂದು ಅಡ್ಡದಾರಿ ಹೇಳಿಕೊಟ್ಟಿದ್ದರು. ಎಲ್ಲ ಕಡೆ ಇದು ನಡೆಯದು. ಆದರೂ ಮನೆಗೆಲಸದಲ್ಲಿ ಹೆಚ್ಚಿನದು ಯಾವ ಕಡೆಗೆ ಸೇರುತ್ತದೆಂದು ನೀವೇ ಲೆಕ್ಕ ಹಾಕಿ ನೋಡಿ.

ಲೆಕ್ಕ ಎಂದರೆ ಜನಗಣತಿ ನೆನಪಾಗುತ್ತದೆ. 2011ರ ಫೆಬ್ರವರಿಯಲ್ಲಿ ಒಂದು ಭಾನುವಾರ ಮಧ್ಯಾಹ್ನ ಪ್ರೈಮರಿ ಶಾಲೆಯ ಮೇಡಂ ಒಬ್ಬರು ಗಣತಿಯ ಹಾಳೆಗಳನ್ನು ಹೊತ್ತುಕೊಂಡು ಬಂದರು. ಬಿಸಿಲಿಗೆ ಮುಖ ಬಾಡಿತ್ತು. ಜಗಲಿಯಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟೆ. ಹೆಸರು, ವಯಸ್ಸು, ಓದು ಎಲ್ಲ ಆದ ಮೇಲೆ ಕೇಳಿದರು:

"ಕಳೆದ ಒಂದು ವರ್ಷದಲ್ಲಿ ಕೆಲಸ ಮಾಡಿದ್ದೀರಾ ಅಮ್ಮಾ?"

ಇಪ್ಪತ್ತೇಳು ವರ್ಷದ ಮೇಲೆ ಅದೇ ಪ್ರಶ್ನೆ, ಈ ಸಲ ಕನ್ನಡದಲ್ಲಿ. "ಮಾಡಿದ್ದೀನಿ" ಎಂದೆ.

"ಏನು ಕೆಲಸ?"

ಹೇಳಿದೆ. ಆಗ ಅತ್ತೆಯವರು ಹಾಸಿಗೆ ಹಿಡಿದು ಎರಡು ವರ್ಷವಾಗಿತ್ತು. ಅವರ ಮೈ ಒರೆಸುವುದರಿಂದ ಹಿಡಿದು ರಾತ್ರಿ ಎರಡು ಸಲ ಎದ್ದು ಮಗ್ಗುಲು ತಿರುಗಿಸುವವರೆಗೆ ಎಲ್ಲ ಹೇಳಿದೆ. ಮೇಡಂ ಕೇಳಿಸಿಕೊಂಡರು. ಪೆನ್ನು ಮಾತ್ರ ಓಡಲಿಲ್ಲ. "ಅದು ಕೆಲಸದ ಕಾಲಮ್ಮಿಗೆ ಬರೋಲ್ಲ ಅಮ್ಮಾ. ಕೆಲಸ ಮಾಡದವರು ಅನ್ನೋ ಕಡೆ ಗೃಹಕೃತ್ಯ ಅಂತ ಇದೆ, ಅಲ್ಲಿಗೆ ಹಾಕಬೇಕು" ಎಂದರು. ಆ ಕಡೆ ಮತ್ತೆ ಯಾರ‍್ಯಾರಿದ್ದಾರೆ ಎಂದು ಕೇಳಿದೆ. ವಿದ್ಯಾರ್ಥಿಗಳು, ಅವಲಂಬಿತರು, ಪಿಂಚಣಿದಾರರು, ಭಿಕ್ಷುಕರು.

ಆಮೇಲೆ 2019ರಲ್ಲಿ ಸರ್ಕಾರವೇ ದೇಶದ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದವರು ಹೆಂಗಸರಲ್ಲಿ ನೂರಕ್ಕೆ 81, ಗಂಡಸರಲ್ಲಿ ನೂರಕ್ಕೆ 26. ಹಾಗೆ ತೊಡಗಿದ ಹೆಂಗಸರು ಅದಕ್ಕೆ ಕೊಟ್ಟದ್ದು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97. ನಿಮಿಷದ ಲೆಕ್ಕವೇನೋ ಸಿಕ್ಕಿತು. ಆದರೆ ಆ ಭಾನುವಾರ ನಮ್ಮ ಬಳಿ ಆ ಅಂಕಿಗಳಿರಲಿಲ್ಲ.

"ಐ ಡು ನಾಟ್ ಡು" ಎಂದು ನಾನೇ ಗೊಣಗಿಕೊಂಡೆ. ಮೇಡಂ ಏನಂದಿರಿ ಎಂದರು. ಶಾಲೆಯ ಕಥೆಯನ್ನೆಲ್ಲ ಹೇಳಿದೆ. ಹೆಡ್‌ಮಿಸ್ಟ್ರೆಸ್ ನಕ್ಕ ಹಾಗೆ ಅವರು ನಗಲಿಲ್ಲ. ಹಾಳೆಯನ್ನು ಸುಮ್ಮನೆ ನೋಡುತ್ತ ಕೂತರು. ಬೆಳಿಗ್ಗೆ ಐದಕ್ಕೆ ಎದ್ದು ಚಪಾತಿ ಲಟ್ಟಿಸಿಟ್ಟು ಬಂದಿದ್ದಾರಂತೆ, ಪಲ್ಯಕ್ಕೆ ಹೊತ್ತಾಗಲಿಲ್ಲವಂತೆ, ಮನೆಯಲ್ಲಿ ಏನು ತಿಂದರೋ ಗೊತ್ತಿಲ್ಲವಂತೆ. ಇನ್ನೂ ಹನ್ನೊಂದು ಮನೆ ಬಾಕಿಯಿತ್ತು. ಒಳಗಿನಿಂದ ಅತ್ತೆಯವರು ಕರೆದರು. ನಾನು ಎದ್ದೆ. ಅವರೂ ಎದ್ದು, ಮಜ್ಜಿಗೆಯ ಲೋಟವನ್ನು ತಾವೇ ತೊಳೆದಿಡಲು ಬಚ್ಚಲ ಕಡೆ ಹೋದರು.